ಪಣಜಿಯ ಪಂಡಿತರ ಮುಂದೆ ನನ್ನ ಕಾಲು

ನಮ್ಮೂರು

ನಾನು ಪರದೇಶ ನೋಡಿ ಬಂದವನು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ರೋಣ, ನರಗುಂದ, ಗಜೇಂದ್ರಗಡದ ಯಾವ ಪೇಟೆಯಲ್ಲಿ ಕುಳಿತರೂ ಯಾರಾದರೊಬ್ಬರು, "ಗೌಡ್ರ, ಆ ಫಿರಂಗ್ಯಾರ ದೇಶದ ಕಥಿ ಹೇಳ್ರಿ" ಎನ್ನುತ್ತಾರೆ. ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಆದರೆ ಪ್ರತಿ ಸಲವೂ ಒಂದು ಭಾಗವನ್ನು ಬಿಟ್ಟು ಹೇಳಿದ್ದೇನೆ. ಈಗ ಅದನ್ನು ಸೇರಿಸಿ ಬರೆಯುತ್ತಿದ್ದೇನೆ. ನಗಿಸುವ ಭಾಗಗಳು ಇದ್ದಂತೆಯೇ ಇವೆ, ಅವು ಸುಳ್ಳಲ್ಲ.

ಇಂಗ್ರೇಜರ ವಿರುದ್ಧ ನರಗುಂದದಲ್ಲಿ ಎದ್ದ ಬಂಡಾಯಕ್ಕೆ ಮೂರು ವರ್ಷ ಮೊದಲಿನ ಮಾತು. ನನಗೆ ಇಪ್ಪತ್ತೊಂದು. ಧಾರವಾಡದಲ್ಲಿ ಇಂಗ್ರೇಜಿ ಶಾಲೆ ಮುಗಿಸಿ ಊರಿಗೆ ಬಂದು ಕುಳಿತಿದ್ದೆ. ಊರೆಂದರೆ ರೋಣಕ್ಕೂ ಗಜೇಂದ್ರಗಡಕ್ಕೂ ನಡುವೆ ಎರೆಹೊಲದಲ್ಲಿರುವ ಒಂದು ಹಳ್ಳಿ. ನಮ್ಮದು ಗೌಡಕಿಯ ಮನೆ. ಊರಿಗೆಲ್ಲ ಕುಡಿಯುವ ನೀರು ನಮ್ಮಜ್ಜ ಕಟ್ಟಿಸಿದ ಮೆಟ್ಟಿಲುಬಾವಿಯದು. ಮೆಟ್ಟಿಲಿಳಿದು ಹೋಗಿ, ಕೊನೆಗೆ ಮೊಣಕಾಲಿನತನಕ ನೀರಲ್ಲಿ ನಿಂತು, ಕೈಕಾಲು ತೊಳೆದು, ಆಮೇಲೆ ಕೊಡ ತುಂಬಬೇಕು. ಕಾಲು ತೊಳೆಯದೆ ಕೊಡ ಮುಟ್ಟಿದರೆ ಹಿರಿಯರು ಬಯ್ಯುತ್ತಿದ್ದರು. ಅಷ್ಟು ಮಡಿ ನಮ್ಮದು.

ಆ ಬೇಸಿಗೆ ನನ್ನ ಎಡಗಾಲಿನ ಹರಡಿನಲ್ಲಿ, ಪಾದದ ಕೀಲಿನ ಹತ್ತಿರ, ನಾರುಹುಣ್ಣು ಎದ್ದಿತು. ಕಂಡಿರದವರಿಗಾಗಿ ಹೇಳುತ್ತೇನೆ. ಮೊದಲು ಬೆಂಕಿ ತಾಗಿದಂಥ ಒಂದು ಬೊಬ್ಬೆ. ಅದು ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳದ ತುದಿ ಇಣುಕುತ್ತದೆ. ಅದನ್ನು ಬೇವಿನ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಆತುರಪಟ್ಟು ಹರಿದರೆ ಕಾಲು ಬಾತು ಮನುಷ್ಯ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ. ಉರಿ ತಡೆಯಲಾರದಾಗ ಕಾಲನ್ನು ತಣ್ಣೀರಿನಲ್ಲಿ ಇಟ್ಟರೆ ಜೀವ ಹಾಯೆನ್ನುತ್ತದೆ. ನಾನು ದಿನಾ ನಸುಕಿನಲ್ಲಿ ಬಾವಿಗೆ ಇಳಿದು, ಕಾಲು ನೀರಿಗಿಟ್ಟು ಕೂಡುತ್ತಿದ್ದೆ. ಪಕ್ಕದಲ್ಲಿ ನನ್ನಂಥವರೇ ಇನ್ನಿಬ್ಬರು ಮೂವರು. ಅದು ನಮ್ಮ ಹರಟೆಯ ಕಟ್ಟೆಯಾಗಿತ್ತು.

ಅದೇ ಹೊತ್ತಿಗೆ ವಾಮನನ ಕಾಗದ ಬಂತು. ವಾಮನ ಧಾರವಾಡದ ಶಾಲೆಯಲ್ಲಿ ನನ್ನ ಜೊತೆಗಿದ್ದವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಮೂಲ ಗೋವೆಯವರು, ಅವರಪ್ಪನದು ನರಗುಂದದ ಪೇಟೆಯಲ್ಲಿ ಉಪ್ಪು, ತೆಂಗಿನಕಾಯಿಯ ಅಂಗಡಿ. ಅವನು ಫಿರಂಗಿಗಳು ಆಳುವ ಪಣಜಿಗೆ ಹೋಗಿ ವೈದ್ಯಶಾಲೆ ಸೇರಿದ್ದ. ಓದು ಮುಗಿದ ಮೇಲೂ ಅಲ್ಲೇ ಉಳಿದು ಒಂದು ವಿಷಯದ ಬೆನ್ನು ಹತ್ತಿದ್ದ. ಹಾಗೆ ಉಳಿದ ಹಿರಿಯ ವಿದ್ಯಾರ್ಥಿಗಳು ತಾವು ಹೊಸದಾಗಿ ಕಂಡುಕೊಂಡದ್ದನ್ನು, ಕೈಯಾರೆ ಮಾಡಿದ್ದನ್ನು ಪಂಡಿತರ ಮುಂದೆ ತೋರಿಸುವ ಶೋಧಸಭೆಯೊಂದು ನಡೆಯುವುದಿತ್ತು.

"ನನ್ನ ವಿಷಯ ನಾರುಹುಣ್ಣು," ಎಂದು ಅವನು ಬರೆದಿದ್ದ. "ಸಾರಾಯಿ ಬಾಟಲಿಯಲ್ಲಿರುವ ಸತ್ತ ಹುಳ ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ. ಒಬ್ಬ ರೋಗಿಯನ್ನು ಕಳಿಸು. ಹುಳ ಇನ್ನೂ ಕಾಲಲ್ಲೇ ಇರಬೇಕು. ಇನ್ನೊಂದು ಮಾತನ್ನು ಖರೇ ಬರೆ. ನಿಮ್ಮೂರಲ್ಲಿ ಕುಡಿಯುವ ನೀರಿಗೆ ಕಾಲಿಡುತ್ತೀರೋ, ಹಗ್ಗದಿಂದ ಸೇದುತ್ತೀರೋ?"

ಆ ಕೊನೆಯ ಪ್ರಶ್ನೆ ನನಗೆ ಚುಚ್ಚಿತು. ವಾಮನ ನಮ್ಮೂರಿಗೆ ಬಂದವನಲ್ಲ. ಶಾಲೆಯಲ್ಲಿದ್ದಾಗ ಅಜ್ಜನ ಬಾವಿಯ ಸಿಹಿನೀರನ್ನು ಹೊಗಳಿ ಹೊಗಳಿ ಅವನ ತಲೆ ತಿಂದಿದ್ದೆ. ಈಗ ಕಾಲು ತೊಳೆದ ನೀರನ್ನೇ ಕುಡಿಯುತ್ತೇವೆ ಎಂದು ಬರೆದುಕೊಡುವುದು ಹೇಗೆ? "ರೋಗಿ ನಾನೇ, ಹೊರಟು ಬರುತ್ತೇನೆ. ನಮ್ಮೂರಲ್ಲಿ ಹಗ್ಗದಿಂದಲೇ ಸೇದುತ್ತೇವೆ, ನೀರಿಗೆ ಯಾರೂ ಕಾಲಿಡುವುದಿಲ್ಲ" ಎಂದು ಬರೆದೆ. ಅಂದೇ ಕಾಗದ ಕಳಿಸಿಬಿಟ್ಟೆ.

ನರಗುಂದ

ಜೊತೆಗೆ ಬಂದವನು ನಮ್ಮ ಮನೆಯ ಆಳು ದ್ಯಾಮಣ್ಣ. ವಯಸ್ಸು ಐವತ್ತರ ಹತ್ತಿರ. ಅವನ ಎರಡು ಕಾಲಿನಲ್ಲಿ ಹಳೆಯ ನಾರಿನ ಗುರುತು ಮೂರಿದ್ದವು. ಹುಳ ಸುತ್ತುವುದರಲ್ಲಿ ಅವನದು ಪಳಗಿದ ಕೈ. ಅವನು ಅದಕ್ಕೆ ಹುಳ ಎನ್ನುತ್ತಿರಲಿಲ್ಲ, ಮಾವ ಎನ್ನುತ್ತಿದ್ದ. ಬಂದರೆ ಬೇಗ ಹೋಗುವವನಲ್ಲವಂತೆ.

"ಸಣ್ಣಗೌಡ್ರ, ಮಾವ ಇವತ್ತ ಒಂದ ಬೆರಳ ಹೊರಗ ಬಂದಾನ್ರಿ."

"ಸಾಕ್ ಬಿಡೋ. ಪಣಜಿ ಮುಟ್ಟೂತನಾ ಆಂವ ಒಳಗ ಇರಬೇಕು."

"ನಾಳಿಂದ ಅರ್ಧಾ ಬೆರಳ ಎಳೀತೀನ್ರಿ. ಉಳಿದದ್ದು ಅವನ ಮರ್ಜಿ."

ಹೀಗೆ ರೋಗ ವಾಸಿಯಾಗದಿರಲಿ ಎಂದು ಕಾಯುತ್ತ ಪ್ರಯಾಣ ಮಾಡಿದವನು ನಾನೊಬ್ಬನೇ ಇರಬೇಕು. ನರಗುಂದದಲ್ಲಿ ಗುಡ್ಡದ ಕೆಳಗಿನ ಪೇಟೆಯಲ್ಲಿ ಗಾಡಿ ನಿಲ್ಲಿಸಿದೆವು. ಮಗನಿಗೆ ಕೊಡಲು ವಾಮನನ ಅಪ್ಪ ಒಂದು ಗಂಟು ಖಾರದ ಪುಡಿ ಕಟ್ಟಿಸಿದರು. ನನ್ನ ಕಾಲಿನ ಪಟ್ಟಿಯನ್ನೂ ಅದರಿಂದ ಚಾಚಿಕೊಂಡ ಕಡ್ಡಿಯನ್ನೂ ಬಹಳ ಹೊತ್ತು ನೋಡಿದರು.

"ಈ ಪ್ಯಾಟ್ಯಾಗ ಎಲ್ಲಾರೂ ಹತ್ತಿ ಕಳಸ್ತಾರ, ಜ್ವಾಳ ಕಳಸ್ತಾರ," ಎಂದರು. "ಪರದೇಶಕ್ಕ ಹುಳಾ ಒಯ್ಯಾಂವ ನೀ ಒಬ್ಬನ ನೋಡಪಾ."

ಘಟ್ಟ

ಬೆಳಗಾವಿ ದಾಟಿ ಘಟ್ಟದ ಬಾಯಿಗೆ ಬಂದಾಗ ಗಾಡಿದಾರಿ ಮುಗಿಯಿತು. ಗಾಡಿಯನ್ನು ಅಲ್ಲೇ ಒಬ್ಬರ ಹಿತ್ತಲಲ್ಲಿ ಬಿಟ್ಟು, ಜೋಳ ಹೇರಿಕೊಂಡು ಇಳಿಯುತ್ತಿದ್ದ ಲಮಾಣಿಗಳ ಎತ್ತಿನ ಸಾಲಿಗೆ ಸೇರಿಕೊಂಡೆವು. ನಡೆಯಲಾರದ ನನ್ನನ್ನು ಒಂದು ಎತ್ತಿನ ಮೇಲೆ ಕೂಡಿಸಿದರು. ತೋಳಿನ ತುಂಬ ಬಳೆ ತೊಟ್ಟ ಲಮಾಣಿ ಹೆಂಗಸೊಬ್ಬಳು ನೋಡಿ, "ಜ್ವಾಳದ ಮೂಟಿ ಮ್ಯಾಲ ಗೌಡ್ರ ಮೂಟಿ" ಎಂದಳು. ಸಾಲಿನ ತುದಿಯವರೆಗೆ ನಗು ಹರಿಯಿತು.

ನಮ್ಮ ಕಡೆ ಎತ್ತ ನೋಡಿದರೂ ಎರಡು ಹರದಾರಿ ನೆಲ ಕಾಣುತ್ತದೆ. ಇಲ್ಲಿನ ದಟ್ಟ ಕಾಡಿನಲ್ಲಿ ಮುಂದಿನ ಎತ್ತಿನ ಬಾಲದಾಚೆ ಏನೂ ಕಾಣದು. ದ್ಯಾಮಣ್ಣ ಮೇಲೆ ನೋಡುತ್ತ ನಡೆದು ಎರಡು ಸಲ ಎಡವಿದ.

"ಇವರು ಬಿಸಿಲಾ ಎಲ್ಲಿ ಇಟ್ಟಾರ್ರಿ?" ಎಂದು ಕೇಳಿದ.

ಅರ್ಧ ಘಟ್ಟ ಇಳಿದಿರಬಹುದು, ನನ್ನ ಎತ್ತು ಕಲ್ಲಿನ ಮೇಲೆ ಜಾರಿತು. ನಾನು ಪೊದೆಯೊಳಗೆ ಬಿದ್ದೆ. ಮೈಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ದ್ಯಾಮಣ್ಣ ಓಡಿ ಬಂದವನೇ ಕಾಲು ಹಿಡಿದು ಪಟ್ಟಿ ಬಿಚ್ಚಿದ. ಲಮಾಣಿಗಳೆಲ್ಲ ಉಸಿರು ಹಿಡಿದು ಬಗ್ಗಿ ನಿಂತರು. ಕಡ್ಡಿ ವಾರೆಯಾಗಿತ್ತು, ದಾರ ಹರಿದಿರಲಿಲ್ಲ.

"ಮಾವ ಗಟ್ಟಿ ಅದಾನ್ರಿ," ಎಂದ ದ್ಯಾಮಣ್ಣ.

ಎಲ್ಲರೂ ಸಮಾಧಾನಪಟ್ಟರು. ಆಮೇಲೆ ನನ್ನನ್ನು ಪೊದೆಯಿಂದ ಎತ್ತಿದರು.

ಸುಂಕದ ಕಟ್ಟೆ

ಪರದೇಶದ ಬಾಗಿಲು ಎಂದರೆ ಕೋಟೆ ಇರುತ್ತದೆ, ತೋಪು ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಒಂದು ಹೆಂಚಿನ ಚಪ್ಪರ, ಒಂದು ಅಡ್ಡಗಂಬ, ಒಬ್ಬ ದಪ್ಪ ಮೀಸೆಯ ಕಾವಲುಗಾರ. ಅವನು ಮೂಟೆಗಳನ್ನು ಬಿಟ್ಟು ನೇರ ನನ್ನ ಕಾಲಿಗೇ ಬಂದ. ಪಟ್ಟಿಯೊಳಗೆ ಏನೋ ಕದ್ದು ಒಯ್ಯುತ್ತಿದ್ದೇನೆ ಎಂದು ಅವನ ಗುಮಾನಿ. ಬಿಚ್ಚು ಎಂದು ಸನ್ನೆ ಮಾಡಿದ.

ದ್ಯಾಮಣ್ಣ ಬಹಳ ಮರ್ಯಾದೆಯಿಂದ, ಒಂದೊಂದೇ ಸುತ್ತು ಬಿಚ್ಚಿದ. ಕೊನೆಗೆ ಹುಣ್ಣಿಗೆ ಕಟ್ಟಿದ್ದ ಎಕ್ಕೆಯ ಎಲೆ ತೆಗೆದು ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಕಾವಲುಗಾರ ಬಗ್ಗಿ ನೋಡಿದ. ಬಿಳಿ ದಾರ ಸ್ವಲ್ಪ ಅಲುಗಿತು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹಿಂದೆ ಹಿಂದೆ ಸರಿದು ಅಡ್ಡಗಂಬ ಎತ್ತಿಯೇ ಬಿಟ್ಟ. ನಮ್ಮ ಹಿಂದಿದ್ದ ಎತ್ತಿನ ಸಾಲನ್ನು ಅವನು ತಡೆಯಲಿಲ್ಲ, ಸುಂಕವನ್ನೂ ಕೇಳಲಿಲ್ಲ.

ಒಂದು ಹರದಾರಿ ಹೋದ ಮೇಲೆ ಆ ಲಮಾಣಿ ಹೆಂಗಸು ನನ್ನ ಮಡಿಲಿಗೆ ಹುರಿಗಡಲೆ ಸುರಿದಳು. "ವರ್ಷಾ ವರ್ಷಾ ಬರ್ರಿ ಗೌಡ್ರ. ಈ ಕಾಲ ತಗೊಂಡ ಬರ್ರಿ," ಎಂದಳು.

ಪಣಜಿ

ಕೊನೆಯ ದಾರಿ ದೋಣಿಯದು. ಮಲಪ್ರಭೆಯನ್ನು ಬೇಸಿಗೆಯಲ್ಲಿ ಧೋತರ ಎತ್ತಿ ದಾಟಿದವರು ನಾವು. ದಂಡೆ ಕಾಣದಷ್ಟು ಅಗಲದ ಹೊಳೆಯಲ್ಲಿ ದ್ಯಾಮಣ್ಣ ಕಣ್ಣು ಮುಚ್ಚಿ ಕುಳಿತವನು ಪಣಜಿ ಬಂದಾಗಲೇ ತೆರೆದ.

ನಾವು ಇಳಿದಾಗ ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲ ಬಾಗಿಲೂ ಮುಚ್ಚಿವೆ. ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪಿನ ಬಿಲ್ಲೆಗಳು, ಅವೂ ಮುಚ್ಚಿವೆ. ದ್ಯಾಮಣ್ಣ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಊರಾಗ ಯಾರೋ ದೊಡ್ಡವ್ರ ತೀರ್ಕೊಂಡಾರ್ರಿ. ಸುಮ್ಮನ ಕುಂಡ್ರೂಣು."

ಒಂದು ಮರದ ಕೆಳಗೆ ತಲೆ ತಗ್ಗಿಸಿ ಕುಳಿತೆವು. ಹಸಿವಾಗಿತ್ತು, ಆದರೆ ಸಾವಿನ ಊರಲ್ಲಿ ಬುತ್ತಿ ಬಿಚ್ಚುವುದು ಹೇಗೆ? ಬಹಳ ಹೊತ್ತಿನ ಮೇಲೆ ವಾಮನ ಕಣ್ಣುಜ್ಜುತ್ತ ಬಂದ. ಸತ್ತವರು ಯಾರೆಂದು ದ್ಯಾಮಣ್ಣ ಮೆಲ್ಲಗೆ ಕೇಳಿದ.

"ಯಾರೂ ಸತ್ತಿಲ್ಲೋ ಮಾರಾಯಾ. ಊಟಾ ಮಾಡಿ ಮಲಗ್ಯಾರ. ಇಲ್ಲಿ ದಿನಾ ಹಿಂಗ."

"ದಿನಾ? ಮತ್ತ ಹೊಲಕ್ಕ ಯಾವಾಗ ಹೋಗ್ತಾರ್ರಿ?"

ವಾಮನನ ಮನೆಯಲ್ಲಿದ್ದವಳು ಅವನ ಚಿಕ್ಕಮ್ಮ. ನಾವು ಮೀನು ತಿನ್ನದವರೆಂದು ಕೇಳಿ ಕನಿಕರದಿಂದ ನೋಡಿದಳು. ನಾವು ಒಯ್ದಿದ್ದ ಒಣರೊಟ್ಟಿಯನ್ನು ಬೆರಳಿನಿಂದ ಬಡಿದು, ಇದನ್ನು ತಿನ್ನುತ್ತೀರೋ ಇದರಲ್ಲಿ ಬಡಿಸಿಕೊಳ್ಳುತ್ತೀರೋ ಎಂದು ಮರಾಠಿಯಲ್ಲಿ ಕೇಳಿದಳು. ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ರೊಟ್ಟಿಯವನಿಂದ ಉಬ್ಬಿದ ಬಿಸಿ ಪಾವು ತೆಗೆದುಕೊಟ್ಟಳು. ದ್ಯಾಮಣ್ಣ ಅಗಿದೂ ಅಗಿದೂ, "ಅರಿವಿ ತಿಂದಂಗ ಆತ್ರಿ" ಎಂದ. ಮೂರನೆಯ ದಿನದಿಂದ ಅದೇ ಬಟ್ಟೆಯನ್ನು ನಾಲ್ಕು ನಾಲ್ಕು ತಿನ್ನತೊಡಗಿದ.

ಸಭೆಯ ದಿನ

ಉದ್ದನೆಯ ಹಜಾರ. ಎರಡೂ ಬದಿಗೆ ಮೇಜು, ಒಂದೊಂದು ಮೇಜಿನ ಹಿಂದೆ ಒಬ್ಬೊಬ್ಬ ಹಿರಿಯ ವಿದ್ಯಾರ್ಥಿ. ಪಂಡಿತರು ಮೇಜಿನಿಂದ ಮೇಜಿಗೆ ಬಂದು ನೋಡುತ್ತಾರೆ, ಕೇಳುತ್ತಾರೆ, ತಪ್ಪಿದ್ದರೆ ಮುಖದ ಮೇಲೆಯೇ ಹೇಳುತ್ತಾರೆ. ನಮ್ಮ ಶಾಲೆಯಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಪುಸ್ತಕದಲ್ಲಿದ್ದ ಉತ್ತರ ಒಪ್ಪಿಸಿದರೆ ಆಯಿತು. ಇಲ್ಲಿ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಬೇಕು. ನನಗೆ ಅದು ಸೋಜಿಗವಾಗಿ ಕಂಡಿತು.

ಒಬ್ಬ ಮೊಣಕಾಲು ಮಡಚುವ ಮರದ ಕಾಲು ಮಾಡಿದ್ದ. ತನ್ನ ಕಾಲನ್ನು ಹಿಂದಕ್ಕೆ ಕಟ್ಟಿಕೊಂಡು ಅದರ ಮೇಲೆ ನಡೆದೂ ತೋರಿಸಿದ. ಇನ್ನೊಬ್ಬ ಹಡಗಿನವರಿಗಾಗಿ ಮರಳು, ಇದ್ದಿಲಿನ ಪೆಟ್ಟಿಗೆಯಲ್ಲಿ ನೀರು ಸೋಸುತ್ತಿದ್ದ. ಮತ್ತೊಬ್ಬ ಎದೆಯ ಸದ್ದು ಕೇಳಲು ಹೊಸ ಬಗೆಯ ಕೊಳವೆ ಮಾಡಿದ್ದ. ದ್ಯಾಮಣ್ಣನ ಎದೆಗೆ ಇಟ್ಟು ಗಂಭೀರವಾಗಿ ಕೇಳಿದ.

"ಏನಂತೈತ್ರಿ ನಮ್ಮ ಎದಿ?" ಎಂದ ದ್ಯಾಮಣ್ಣ.

"ಖಾರಾ ಕಮ್ಮಿ ಮಾಡು ಅಂತೈತಿ," ಎಂದ ವಾಮನ. ಅದು ಅವನದೇ ತರ್ಜುಮೆ ಎಂದು ನನಗೆ ಈಗಲೂ ಸಂಶಯ.

ವಾಮನನ ಮೇಜಿನ ಹಿಂದೆ ಬಟ್ಟೆಯ ಮೇಲೆ ಬರೆದ ನಕಾಶೆ ತೂಗುತ್ತಿತ್ತು. ನೋಡಿದರೆ ನಮ್ಮ ನಾಡು. ರೋಣ, ನರಗುಂದ, ಗಜೇಂದ್ರಗಡ, ಚಿಕ್ಕನರಗುಂದ, ಇಟಗಿ, ನಡುವೆ ಹತ್ತಾರು ಹಳ್ಳಿ. ಅವನು ನರಗುಂದಕ್ಕೆ ಬಂದಾಗಲೆಲ್ಲ ಅಪ್ಪನ ಅಂಗಡಿಯ ಗಿರಾಕಿಗಳನ್ನು, ಲಮಾಣಿಗಳನ್ನು, ಗಾಡಿಯವರನ್ನು ನಾಲ್ಕು ವರ್ಷ ಕೇಳಿ ಕೇಳಿ ಬರೆದದ್ದು. ನೀರಿಗಿಳಿದು ತುಂಬುವ ಬಾವಿಗೆ ಕೆಂಪು ಚುಕ್ಕಿ, ಹಗ್ಗದಿಂದ ಸೇದುವ ಬಾವಿಗೆ ಕಪ್ಪು ಚುಕ್ಕಿ. ನಾರುಹುಣ್ಣು ಇದ್ದಲ್ಲಿ ಚುಕ್ಕಿಯ ಸುತ್ತ ಒಂದು ಉಂಗುರ. ಉಂಗುರಗಳೆಲ್ಲ ಕೆಂಪಿನ ಸುತ್ತಲೇ ಇದ್ದವು. ಒಂದು ಬಿಟ್ಟು. ಆ ಒಂದು ಕಪ್ಪು ಚುಕ್ಕಿ ನಮ್ಮೂರು.

ಪಂಡಿತರು ಬಂದರು. ಅವರ ಮುಖ್ಯಸ್ಥರು ಬಿಳಿಗಡ್ಡದ ಮುದುಕರು, ಗಜೇಂದ್ರಗಡ ಎನ್ನಲು ಮೂರು ಸಲ ಮುಗ್ಗರಿಸಿ ಕೈಬಿಟ್ಟರು. ವಾಮನ ನನ್ನ ಕಾಲನ್ನು ನೀರು ತುಂಬಿದ ಗಾಜಿನ ಬೋಗುಣಿಯಲ್ಲಿ ಇಡಿಸಿದ. ಉರಿ ತಣಿದು ನನಗೆ ಹಾಯೆನಿಸಿತು. ಆಮೇಲೆ ನೋಡುತ್ತಿದ್ದಂತೆ ಹುಳದ ತುದಿಯಿಂದ ಹಾಲಿನಂಥದ್ದು ಮೋಡದ ಹಾಗೆ ನೀರಿಗೆ ಬಿಟ್ಟುಕೊಂಡಿತು. ಅದರ ಒಂದು ಹನಿಯನ್ನು ವಾಮನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಎಲ್ಲರೂ ನೋಡಿದ ಮೇಲೆ ಕೊಳವೆಯನ್ನು ನನ್ನತ್ತ ತಿರುಗಿಸಿದ. ಎಣಿಸಲಾರದಷ್ಟು ಮರಿಗಳು. ಬಾಲ ಬಡಿಯುತ್ತ, ಒಂದರ ಮೇಲೊಂದು ಹಾಯುತ್ತ, ಬಹಳ ಖುಷಿಯಲ್ಲಿದ್ದವು.

"ಇವು ನೀರಿಂದ ಮತ್ತೊಬ್ಬರ ಮೈಯಾಗ ಹ್ಯಾಂಗ ಹೋಗ್ತಾವ, ನನಗ ಗೊತ್ತಿಲ್ಲ," ಎಂದು ವಾಮನ ತಾನು ಅವರಿಗೆ ಹೇಳಿದ್ದನ್ನು ನನಗೂ ಹೇಳಿದ. "ಆದ್ರ ಕಾಲಿಟ್ಟ ನೀರಿಂದನ ರೋಗ ಬರತೈತಿ. ಅದು ನನ್ನ ಮಾತು."

ಮುಖ್ಯಸ್ಥರು ನಕಾಶೆಯ ಹತ್ತಿರ ಹೋಗಿ ಬೆರಳಿಟ್ಟರು. ನಮ್ಮೂರಿನ ಮೇಲೆಯೇ ಇಟ್ಟರು. ಏನೋ ಕೇಳಿದರು. ವಾಮನನ ಮುಖ ಇಳಿಯಿತು.

"ಏನಂದ್ರೋ?"

"ಈ ಮನಷ್ಯಾನ ಊರಾಗ ಯಾರೂ ನೀರಿಗೆ ಕಾಲಿಡೂದಿಲ್ಲ, ಆದ್ರೂ ಹುಳಾ ಕಣ್ಣ ಮುಂದ ಐತಿ. ಅಂದ್ರ ನಿನ್ನ ಮಾತು ನಿಲ್ಲೂದಿಲ್ಲ, ಅಂದ್ರು. ಖರೇ ಐತಿ. ನಾ ಒಪ್ಕೊಳ್ಳಾಂವ."

ಅವನು ಲೇಖನಿ ಎತ್ತಿಕೊಂಡ. ನಕಾಶೆಯ ಕೆಳಗೆ, ಸಾಬೀತಾಗಿಲ್ಲ ಎಂದು ತಾನೇ ಬರೆಯಲು ಹೊರಟಿದ್ದ. ನಾನು ಬೋಗುಣಿಯನ್ನು ನೋಡುತ್ತಿದ್ದೆ. ದಿನಾ ನಸುಕಿನಲ್ಲಿ ಈ ಬಿಳಿ ಮೋಡವನ್ನು ನಾನು ಊರಿನ ಕೊಡಗಳಿಗೆ ಬಿಟ್ಟು ಬಂದಿದ್ದೆ.

"ವಾಮನ್ಯಾ, ತಡಿ. ನಾ ಸುಳ್ಳ ಬರದಿದ್ನಿ."

"ಏನ?"

"ನಮ್ಮದು ಮೆಟ್ಟಲಬಾವಿ. ಮೊಣಕಾಲ ನೀರಾಗ ನಿಂತ ತುಂಬತೀವಿ. ಈ ಕಾಲನ್ನೂ ದಿನಾ ಅದರಾಗ ಇಡತಿದ್ನಿ."

ವಾಮನ ಕೂಡಲೇ ತರ್ಜುಮೆ ಮಾಡಲಿಲ್ಲ. "ನಾಲ್ಕ ವರ್ಷದ ಕೆಲಸಲೇ ಗೌಡ," ಎಂದಷ್ಟೇ ಹೇಳಿ ನನ್ನನ್ನು ನೋಡಿದ. ಆಮೇಲೆ ಅವರ ಕಡೆ ತಿರುಗಿ ಹೇಳಿದ. ಮುದುಕರು ಕನ್ನಡಕ ತೆಗೆದು ಒಂದು ಪ್ರಶ್ನೆ ಕೇಳಿದರು.

"ಯಾಕ ಸುಳ್ಳ ಬರದಿ ಅಂತ ಕೇಳ್ತಾರ."

"ಅಜ್ಜ ಕಟ್ಟಿಸಿದ ಬಾವಿ ಅಂತ ಹೇಳು."

ಅದು ತರ್ಜುಮೆಯಾದದ್ದೇ ತಡ, ಹಜಾರವೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಆ ಮುದುಕರು. ನನ್ನ ಹತ್ತಿರ ಬಂದು ಭುಜ ತಟ್ಟಿ ಏನೋ ಪಿಸುಗುಟ್ಟಿದರು. ಅವರಜ್ಜ ಕಟ್ಟಿಸಿದ ಇಗರ್ಜಿ ಎಂಬ ಗುಡಿಯ ಚಾವಣಿ ಮೊದಲ ಮಳೆಗಾಲದಿಂದಲೂ ಸೋರುತ್ತಿದೆಯಂತೆ, ಯಾರಿಗೂ ಹೇಳಬೇಡ ಎಂದರಂತೆ. ನಂತರ ತಾವೇ ಕುಂಚ ತೆಗೆದುಕೊಂಡು ನಮ್ಮೂರಿನ ಕಪ್ಪು ಚುಕ್ಕಿಯ ಮೇಲೆ ಕೆಂಪು ಬಳಿದರು. ಚಪ್ಪಾಳೆ ಬಿತ್ತು. ವಾಮನ ನನ್ನನ್ನು ಅಪ್ಪಿಕೊಳ್ಳಲು ಬಂದು ಬೋಗುಣಿಯ ನೀರನ್ನೆಲ್ಲ ಚೆಲ್ಲಿದ.

ಮೂರು ದಿನದ ಮೇಲೆ, ಚಿಕ್ಕಮ್ಮನ ಜಗಲಿಯಲ್ಲಿ, ಹುಳ ಬಾಲದ ಸಮೇತ ಹೊರಗೆ ಬಂತು. ವಾಮನ ಅದನ್ನು ಬಾಟಲಿಗೆ ಹಾಕಿದ. ದೋಣಿ 
ಹತ್ತಿಸುವಾಗ ಅವನು ಒಂದೇ ಮಾತು ಕೇಳಿದ. "ಊರಿಗೆ ಹೋಗಿ ಹೇಳು. ಮೆಟ್ಟಲಾ ಮುಚ್ಚಸ್ರಿ, ಹಗ್ಗಾ ಹಾಕ್ರಿ. ನನಗ ಬ್ಯಾರೆ ಏನೂ ಬ್ಯಾಡ."

"ಹೋದ ದಿನಾನ ಹೇಳ್ತೀನಿ," ಎಂದೆ. ದ್ಯಾಮಣ್ಣ ಪಕ್ಕದಲ್ಲೇ ಇದ್ದ.

ಮರಳಿ ಊರು

ಹೋದ ದಿನವೇ ಚಾವಡಿಯ ಮುಂದೆ ಊರೆಲ್ಲ ಸೇರಿತು. ಕಾವಲುಗಾರನ ಕಥೆ ಹೇಳಿದೆ, ಮಧ್ಯಾಹ್ನ ಸತ್ತ ಊರಿನ ಕಥೆ ಹೇಳಿದೆ. ದ್ಯಾಮಣ್ಣ ಮರದ ಕಾಲಿನವನಂತೆ ನಡೆದು ತೋರಿಸಿದ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿ ನೀರು ಹೇಗೆ ಎಂದು ಯಾರೋ ಕೇಳಿದರು.

"ನಮ್ಮ ಬಾವಿ ನೀರಿನ ಸರಿ ಎಲ್ಲೈತಿ?" ಎಂದು ಅಪ್ಪ ನನ್ನತ್ತ ತಿರುಗಿದರು.

ದ್ಯಾಮಣ್ಣನೂ ನನ್ನತ್ತ ನೋಡಿದ.

"ಎಲ್ಲೂ ಇಲ್ಲ," ಎಂದೆ.

ಪಣಜಿಯಲ್ಲಿ ಖರೇ ಹೇಳಿದ್ದಕ್ಕೆ ನಾನು ತೆತ್ತದ್ದು ಒಂದು ನಗು. ಇಲ್ಲಿ ಹೇಳಿದರೆ ಅಜ್ಜನ ಹೆಸರು ಹೋಗುತ್ತದೆ ಎನಿಸಿತು. ನಾಳೆ ಹೇಳಿದರಾಯಿತು, ಅಪ್ಪ ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದುಕೊಂಡೆ. ಅಪ್ಪ ತೀರಿದರು, ಗೌಡಕಿ ನನಗೇ ಬಂತು, ತಡೆಯುವವರು ಯಾರೂ ಉಳಿಯಲಿಲ್ಲ. ಆಗಲೂ ಹೇಳಲಿಲ್ಲ. ನನ್ನ ಮನೆಯವರಿಗೆ ಮಾತ್ರ ಹೊಲದ ಸೇದುಬಾವಿಯಿಂದ ನೀರು ತರಿಸತೊಡಗಿದೆ. ಕೇಳಿದವರಿಗೆ, ಬೇಳೆ ಚೆನ್ನಾಗಿ ಬೇಯುತ್ತದೆ ಎಂದೆ.

ಪ್ರವಾಸದ ಮರುವರ್ಷ ದ್ಯಾಮಣ್ಣನಿಗೆ ನಾಲ್ಕನೆಯ ನಾರು ಎದ್ದಿತು, ಮೊಣಕಾಲಿನಲ್ಲಿ. ಸುತ್ತುವಾಗ ಹರಿಯಿತು. ಕಾಲು ಮಡಚಿಕೊಂಡದ್ದು ಮತ್ತೆ ನೆಟ್ಟಗಾಗಲಿಲ್ಲ. ನೋಡಲು ಹೋದಾಗ ಅವನು ಬಯ್ಯಲಿಲ್ಲ.

"ನೀವು ಹೇಳಿದ್ರ ನಾನೂ ಹೇಳಾಂವ ಇದ್ನಿರಿ," ಎಂದ. "ಧಣ್ಯಾರ ಸುಮ್ಮನಿದ್ರ ಆಳಿನ ಮಾತ ಯಾರ ಕೇಳ್ತಾರ?"

ಆಮೇಲೆ ಇಪ್ಪತ್ತು ವರ್ಷ, ಸಾಯುವತನಕ, ಅವನು ಕೋಲು ಹಿಡಿದು ನಡೆದ. ನಾನು ಕಥೆ ಹೇಳಲು ಕುಳಿತಲ್ಲೆಲ್ಲ ಬಂದು ಕೂಡುತ್ತಿದ್ದ, ಮರೆತದ್ದನ್ನು ನೆನಪಿಸುತ್ತಿದ್ದ. ಬೋಗುಣಿಯ ಭಾಗ ಬಂದಾಗ ಇಬ್ಬರೂ ಅದನ್ನು ಹಾರಿ ಮುಂದೆ ಹೋಗುತ್ತಿದ್ದೆವು.

ಬಾವಿ

ಇದನ್ನು ಬರೆಯುವ ಮೊದಲು, ಹೇಳಬೇಕಾದಲ್ಲಿ ಹೇಳಿ ಬಂದೆ. ಕಳೆದ ಸೋಮವಾರ ಬೆಳಿಗ್ಗೆ, ನೀರಿಗೆ ಬಂದವರನ್ನೆಲ್ಲ ಮೇಲಿನ ಮೆಟ್ಟಿಲಲ್ಲೇ ನಿಲ್ಲಿಸಿ, ಬೋಗುಣಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಯಾರೂ ನಗಲಿಲ್ಲ. ದ್ಯಾಮಣ್ಣನ ಮಗಳು ನೀಲವ್ವ ಖಾಲಿ ಕೊಡವನ್ನು ಸೊಂಟದಿಂದ ಇಳಿಸಿದಳು.

"ನಮ್ಮಪ್ಪಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ. ನಾ ಹೇಳಲಿಲ್ಲ ಅಂತ ಆಂವ ಹೇಳಲಿಲ್ಲ."

ಅವಳು ಬಗ್ಗಿ ಬಾವಿಯನ್ನು ನೋಡಿದಳು. ಆಮೇಲೆ ಸೆರಗು ಸಿಗಿಸಿಕೊಂಡು, "ಹಗ್ಗಾ ಎಲ್ಲೈತ್ರಿ?" ಎಂದಳು.

ಹಗ್ಗ ತಂದಿದ್ದೆ, ಅದು ಉರುಳುವ ಗಡಗಡಿಯೂ ಇತ್ತು. ಗೌಂಡಿಗಳು ಮೂರು ದಿನದಲ್ಲಿ ಮೆಟ್ಟಿಲ ಬಾಯಿ ಕಟ್ಟಿ, ಮೇಲೆ ತೊಲೆ ನಿಲ್ಲಿಸಿದರು. ಗುರುವಾರ ಹೆಂಗಸರು ಕೊಡ ಹಿಡಿದು ಬಂದರು. ಯಾರೂ ಹಗ್ಗ ಮುಟ್ಟಲಿಲ್ಲ.

"ಮದಲನೇ ಕೊಡಾ ನೀವ ಸೇದ್ರಿ," ಎಂದಳು ನೀಲವ್ವ.

ಜನ್ಮದಲ್ಲಿ ನೀರು ಸೇದಿದವನಲ್ಲ ನಾನು. "ಬಗ್ಗಬ್ಯಾಡ್ರಿ ಗೌಡ್ರ, ನೆಟ್ಟಗ ನಿಂತ ಜಗ್ಗ್ರಿ," ಎಂದಳು ಒಬ್ಬಳು. "ಕಥಿ ಹೇಳಿದಂಗಲ್ರಿ ಇದು," ಎಂದಳು ಇನ್ನೊಬ್ಬಳು. ಅಂಗೈ ಸುಲಿಯಿತು. ಕೊಡ ಮೇಲೆ ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು, ಹೆಂಗಸರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನೀಲವ್ವ ಆ ನೀರನ್ನು ತನ್ನ ಕೊಡಕ್ಕೆ ಸುರಿದುಕೊಂಡು, ಖಾಲಿ ಕೊಡವನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

"ಇನ್ನ ಒಂದ ಸೇದ್ರಿ," ಎಂದಳು. "ಇದು ನಮ್ಮಪ್ಪಂದು."

ಸೇದಿದೆ.